ಕೀಟ್ಸ್ ಕಂಡ ಸುಗ್ಗಿ

ಪುಣೆಯ ಕನ್ನಡ ಬಂಧುಗಳೆಲ್ಲರಿಗೂ ನಮಸ್ಕಾರ.

ಇವತ್ತು ನನಗೆ ಬಹಳ ಇಷ್ಟವಾದ ಒಂದು ಕವನದ ಬಗ್ಗೆ ಮಾತಾಡುತ್ತೇನೆ. ಇಂಗ್ಲಿಷ್ ಕವಿ ಜಾನ್ ಕೀಟ್ಸ್ ಬರೆದ 'ಟು ಆಟಮ್', ಅಂದರೆ 'ಶರತ್ಕಾಲಕ್ಕೆ'. 1819ರ ಸೆಪ್ಟೆಂಬರ್ 19, ಭಾನುವಾರ. ಇಂಗ್ಲೆಂಡಿನ ವಿಂಚೆಸ್ಟರ್‌ನಲ್ಲಿ ಅಡ್ಡಾಡಲು ಹೋದಾಗ ಕೊಯ್ದ ಹೊಲದ ಕೂಳೆ ಅವನ ಕಣ್ಣಿಗೆ ಬೆಚ್ಚಗೆ ಕಂಡಿತಂತೆ. ಗೆಳೆಯ ರೆನಾಲ್ಡ್ಸ್‌ಗೆ ಹಾಗೇ ಪತ್ರ ಬರೆದಿದ್ದಾನೆ. ಅದೇ ಗುಂಗಿನಲ್ಲಿ ಈ ಕವನ ಹುಟ್ಟಿತು. ಮೂರೇ ಚರಣ. 'ನಾನು' ಅನ್ನುವ ಮಾತು ಎಲ್ಲೂ ಬರುವುದಿಲ್ಲ.

ನನಗೆ ಎರಡನೆಯ ಚರಣ ಅಂದರೆ ಪ್ರಾಣ. ಅಲ್ಲಿ ಶರತ್ಕಾಲವೇ ಹೊಲದ ಆಳಾಗಿ ಬಂದಿದೆ. ಕಣಜದ ನೆಲದ ಮೇಲೆ ಸುಮ್ನೆ ಕೂತಿದೆ, ತೂರುವ ಗಾಳಿಗೆ ಕೂದಲು ಮೆಲ್ಲಗೆ ಏಳುತ್ತಿದೆ. ಇನ್ನೊಮ್ಮೆ ಅರ್ಧ ಕೊಯ್ದ ಸಾಲಿನಲ್ಲೇ ನಿದ್ದೆ ಹೋಗಿದೆ. ಕುಡುಗೋಲು ನಿಂತಿದೆ. ಮುಂದಿನ ಹಿಡಿ ಪೈರು, ಅದಕ್ಕೆ ಸುತ್ತಿಕೊಂಡ ಹೂವಿನ ಸಮೇತ, ಸದ್ಯಕ್ಕೆ ಉಳಿಯಿತು. ಆಮೇಲೆ ಹಕ್ಕಲು ಆಯುವವರ ಹಾಗೆ ಹೊರೆ ಹೊತ್ತು, ತಲೆ ಅಲುಗದಂತೆ ಹಳ್ಳ ದಾಟುತ್ತದೆ.

ನಮ್ಮಲ್ಲಿ ಜಾಸ್ತಿ ಜನ ವಿಜಯಪುರ, ಕಲಬುರಗಿ ಕಡೆಯವರು. ರಾಶಿ ಮಾಡುವ ಕಣ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೂರುವಾಗ ಗಾಳಿ ನಿಂತರೆ ಕೈಯೂ ನಿಲ್ಲಲೇಬೇಕು, ಅಲ್ವಾ? ನಮ್ಮ ಅವ್ವ ಆಗ ಮೊರ ಕೆಳಗಿಟ್ಟು, ಸೆರಗಿನಿಂದ ಹುಬ್ಬಿನ ಮೇಲಿನ ಹೊಟ್ಟು ಒರೆಸಿಕೊಂಡು, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಕೂರುತ್ತಿದ್ದಳು. ಆಗ ಮಾತ್ರ ಯಾರೂ ಅವಳನ್ನು 'ಏಳು' ಅನ್ನುತ್ತಿರಲಿಲ್ಲ. ದುಡಿಮೆಯ ನಡುವಿನ ಆ ಬಿಡುವನ್ನು ಕೀಟ್ಸ್ ಕಂಡಿದ್ದಾನೆ. ನಿಸರ್ಗ ಕವನ ಅಂದರೆ ಬೆಟ್ಟ, ಮೋಡ, ಹೂವು ಅಷ್ಟೇ ಅಂದುಕೊಂಡವರು ಈ ಚರಣ ಓದಬೇಕು.

ಇದು ಸಾವಿನ ಕವನ ಅನ್ನುವವರಿದ್ದಾರೆ. ಹಿಂದಿನ ಡಿಸೆಂಬರಿನಲ್ಲಿ ಅವನ ತಮ್ಮ ಟಾಮ್ ಕ್ಷಯದಿಂದ ತೀರಿಕೊಂಡಿದ್ದ. 1821ರಲ್ಲಿ ರೋಮ್‌ನಲ್ಲಿ ಕೀಟ್ಸ್ ಕೂಡ ಅದೇ ರೋಗಕ್ಕೆ ಬಲಿಯಾದ, 25ರ ವಯಸ್ಸಿಗೆ. ಆದರೆ ಕೆಮ್ಮಿನಲ್ಲಿ ಅವನಿಗೆ ರಕ್ತ ಕಂಡದ್ದು 1820ರ ಫೆಬ್ರವರಿಯಲ್ಲಿ, ಈ ಕವನ ಬರೆದ ಎಷ್ಟೋ ತಿಂಗಳ ಮೇಲೆ. ಆಮೇಲೆ ಬಂದ ಸಾವನ್ನು ತಂದು ಇದರ ಮೇಲೆ ಹೇರುವುದು ನನಗೆ ಸರಿ ಕಾಣುವುದಿಲ್ಲ. ಮೂರನೆಯ ಚರಣದಲ್ಲಿ ನುಸಿಗಳು ಅಳುತ್ತವೆ, ನಿಜ. ಬೆನ್ನಿಗೇ ಕುರಿಗಳು ಕೂಗುತ್ತವೆ, ಬೇಲಿಯ ಹುಳ ಹಾಡುತ್ತದೆ. ವಸಂತದ ಹಾಡಿನ ಚಿಂತೆ ಬಿಡು, ನಿನಗೂ ನಿನ್ನದೇ ಸಂಗೀತ ಇದೆ ಅನ್ನುತ್ತಾನೆ ಕವಿ, ಶರತ್ಕಾಲಕ್ಕೆ.

ಕೊನೆಗೆ ಕವಲುತೋಕೆ ಹಕ್ಕಿಗಳು ಆಕಾಶದಲ್ಲಿ ಗುಂಪು ಸೇರುತ್ತವೆ. ಇಂಗ್ಲೆಂಡಿನವು ಚಳಿ ಕಳೆಯಲು ಆಫ್ರಿಕಾಕ್ಕೆ ಹೋಗುತ್ತವೆ. ಅದೇ ಜಾತಿಯವು ಉತ್ತರದ ಬೇರೆ ನಾಡುಗಳಿಂದ ನಮ್ಮ ಕಡೆಗೂ ಬರುತ್ತವೆ. ಮಳೆಗಾಲ ಮುಗಿದ ಮೇಲೆ ಪಾಷಾಣ ಕೆರೆಯ ಕಡೆ ಹೋಗಿ, ತಂತಿಗಳ ಮೇಲೆ ನೋಡಿ. ಇಲ್ಲಿ ಅವುಗಳನ್ನು ನೋಡುವ ನನಗೆ ಆ ಸಾಲು ಬರೀ ವಿದಾಯವಾಗಿ ಕೇಳಿಸುವುದಿಲ್ಲ.

ಈಗ ಕವನವನ್ನು ಇಂಗ್ಲಿಷಿನಲ್ಲೇ ಪೂರ್ತಿ ಓದುತ್ತೇನೆ. ಎರಡನೆಯ ಚರಣಕ್ಕೆ ಬಂದಾಗ ಸ್ವಲ್ಪ ನಿಧಾನ ಮಾಡುತ್ತೇನೆ.