ತಾರೀಖು ಮೊದಲೇ ಗೊತ್ತಿರುವ ಪ್ರೀತಿ

ಈ ಪುಸ್ತಕದ ಗತಿ ನೋಡಿ. ಬೆನ್ನು ಮುರಿದಿದೆ, ಮಧ್ಯದ ಎರಡು ಹಾಳೆ ಕಿತ್ತು ಬಂದಿವೆ. ಮೂರನೇ ಸಲ ಓದುತ್ತಿದ್ದೇನೆ. ನಿನ್ನೆ ರಾತ್ರಿ ಹತ್ತು ಪುಟ ಓದಿ ಮಲಗೋಣ ಅಂತ ಕೂತವಳು ಗಡಿಯಾರ ನೋಡಿದಾಗ ಎರಡೂವರೆ. ಕಣ್ಣ ಕೆಳಗಿನ ಕಪ್ಪು ಅದರದ್ದೇ, ಲೈಟಿಂಗ್ ತಪ್ಪಲ್ಲ.

ಕಾಲಪ್ರಯಾಣ ಇರುವ ಐತಿಹಾಸಿಕ ಪ್ರೇಮಕಥೆ ಅಂದರೆ ನನಗೆ ಹುಚ್ಚು. ಕೇಳಿದವರು ನಗುತ್ತಾರೆ. ಕೋಟೆ, ಕುದುರೆ, ಕತ್ತಿ ಹಿಡಿದ ಹುಡುಗ, ಇಷ್ಟೇ ತಾನೇ ಅನ್ನುತ್ತಾರೆ. ಕುದುರೆ ಮೇಲಿನ ಹುಡುಗ ಇಷ್ಟವೇ, ಸುಳ್ಳು ಯಾಕೆ ಹೇಳಲಿ? ಆದರೆ ಅದಕ್ಕಾದರೆ ಮಾಮೂಲಿ ಐತಿಹಾಸಿಕ ಕಾದಂಬರಿಯೇ ಸಾಕಿತ್ತು. ಕಾಲ ದಾಟುವ ಉಸಾಬರಿ ಯಾಕೆ?

ನನ್ನ ಕೈಯಲ್ಲಿರುವುದು 'ಔಟ್‌ಲ್ಯಾಂಡರ್'. 1991ರಲ್ಲಿ ಬಂತು. ಬರೆದವರು ಡಯಾನಾ ಗ್ಯಾಬಲ್ಡನ್. ತಮಾಷೆ ಅಂದರೆ, ಅವರು ಮೊದಲು ಬರೆಯಲು ಹೊರಟಿದ್ದು 18ನೇ ಶತಮಾನದ ಸ್ಕಾಟ್ಲೆಂಡಿನ ನೇರವಾದ ಕಥೆ. ನಾಯಕಿ ಮಾತ್ರ ಬಾಯಿ ತೆರೆದರೆ ಈ ಕಾಲದವಳ ಥರ ಮಾತಾಡಿದಳಂತೆ. ತಿದ್ದಿದರೂ ಬಗ್ಗಲಿಲ್ಲ. ಹಾಗಿದ್ದರೆ ಇವಳು ಅಲ್ಲಿಗೆ ಬಂದದ್ದು ಹೇಗೆ ಅಂತ ಆಮೇಲೆ ಯೋಚಿಸಿದರಂತೆ. ಕಾಲಪ್ರಯಾಣ ಬಂದದ್ದು ಹೀಗೆ.

ಆ ನಾಯಕಿ ಕ್ಲೇರ್, ಎರಡನೇ ಮಹಾಯುದ್ಧದಲ್ಲಿ ನರ್ಸ್ ಆಗಿದ್ದವಳು. ಯುದ್ಧ ಮುಗಿದ ಮೇಲೆ ಗಂಡನ ಜೊತೆ ಸ್ಕಾಟ್ಲೆಂಡಿಗೆ ಬಂದಿದ್ದಾಳೆ. ಗುಡ್ಡದ ಮೇಲಿನ ಹಳೇ ನಿಲುವುಗಲ್ಲುಗಳ ನಡುವೆ ಹೋದವಳು 1743ಕ್ಕೆ ಬೀಳುತ್ತಾಳೆ. ಸ್ವಲ್ಪದರಲ್ಲೇ ಎದುರಿಗೆ ಜೇಮೀ, ಹೈಲ್ಯಾಂಡ್ ಅನ್ನುವ ಅಲ್ಲಿನ ಗುಡ್ಡಗಾಡಿನ ಹುಡುಗ. ಭುಜದ ಕೀಲು ತಪ್ಪಿದೆ. ಕೀಲು ಕೂರಿಸಿದಳು. ಆಮೇಲೆ ನೋಡಿದರೆ ಗುಂಡೇಟಿನ ಗಾಯ ಬೇರೆ. ಅಯೋಡಿನ್ ಇದೆಯಾ ಅಂತ ಕೇಳುತ್ತಾಳೆ. ಸುತ್ತ ನಿಂತ ಗಂಡಸರು ಪಿಳಿಪಿಳಿ ನೋಡುತ್ತಾರೆ. ಇನ್ನೂ ಎರಡು ಔಷಧದ ಹೆಸರು ಹೇಳುತ್ತಾಳೆ. ಊಹೂಂ. ಕೊನೆಗೆ ಆಲ್ಕೋಹಾಲ್ ಅಂದಾಗ ಮುಖಗಳು ಅರಳುತ್ತವೆ. ಅದು ಗೊತ್ತು!

ಅಯೋಡಿನ್ ಪತ್ತೆಯಾದದ್ದೇ 1811ರಲ್ಲಿ. ಗಾಯ ಕೀವಾಗುವುದು ಕಣ್ಣಿಗೆ ಕಾಣದ ಜೀವಿಗಳಿಂದ ಅಂತ ವೈದ್ಯರು ಒಪ್ಪಿದ್ದು ಇನ್ನೂ ಎಷ್ಟೋ ವರ್ಷ ತಡವಾಗಿ. ಅಂದರೆ ಆ ಗುಂಪಿನ ನಡುವೆ ಇದೆಲ್ಲ ತಿಳಿದವರು ಇಬ್ಬರೇ. ಅವಳು, ಮತ್ತೆ ಪುಸ್ತಕ ಹಿಡಿದ ನಾನು. ಅವಳ ನಾಲಿಗೆ ತಪ್ಪಿದಾಗ ನನಗೆ ಎದೆ ಧಸಕ್ ಅನ್ನುತ್ತದೆ. ಆ ಕಾಲದಲ್ಲೇ ಹುಟ್ಟಿದ ನಾಯಕಿಯ ಪಕ್ಕ ನಾನು ಹೀಗೆ ಹೋಗಿ ನಿಲ್ಲಲಾರೆ.

ಈ ಜಾತಿಯ ಎಲ್ಲ ಪುಸ್ತಕವೂ ಚೆನ್ನಾಗಿರುತ್ತದೆ ಅನ್ನುತ್ತಿಲ್ಲ. ಕೆಲವದರಲ್ಲಿ ನಾಯಕಿ ಮೂರನೇ ಅಧ್ಯಾಯಕ್ಕೆ ಅಪ್ಪ ಅಮ್ಮನನ್ನೂ ಮರೆತಿರುತ್ತಾಳೆ. ವಾರಗಟ್ಟಲೆ ಸ್ನಾನ ಕಾಣದ ವೀರನ ಮೈಯಿಂದ ಹೂವಿನ ಘಮ. ಅಂಥವನ್ನು ಅಲ್ಲೇ ಮುಚ್ಚಿಡುತ್ತೇನೆ. ಕ್ಲೇರ್‌ಗೆ ಬಿಟ್ಟು ಬಂದ ಗಂಡನ ನೆನಪು ಕಾಡುತ್ತದೆ, ಜೇಮೀಯನ್ನು ಮದುವೆಯಾದ ಮೇಲೂ.

ಆದರೆ ನನ್ನನ್ನು ಎರಡೂವರೆವರೆಗೆ ಎಬ್ಬಿಸಿ ಕೂರಿಸಿದ್ದು ಒಂದು ತಾರೀಖು. 1746ರ ಏಪ್ರಿಲ್ 16, ಸ್ಕಾಟ್ಲೆಂಡಿನ ಕಲೋಡನ್ ಬಯಲು. ಸ್ಟುವರ್ಟ್ ವಂಶವನ್ನು ಮತ್ತೆ ಬ್ರಿಟನ್ನಿನ ಪಟ್ಟಕ್ಕೆ ತರಲು ಹೊರಟಿದ್ದ ಜಾಕೊಬೈಟ್ ಸೈನ್ಯ ಅವತ್ತು ಸುಮಾರು ಒಂದು ಗಂಟೆಯೊಳಗೆ ಮಣ್ಣುಮುಕ್ಕಿತು. ಅವರ ಕಡೆ ಸತ್ತವರೇ ಸಾವಿರಕ್ಕೂ ಜಾಸ್ತಿ. ಆಮೇಲೆ ಹೈಲ್ಯಾಂಡ್ ಗಂಡಸರು ತಮ್ಮ ಉಡುಪು ತೊಡುವುದಕ್ಕೂ ನಿಷೇಧ ಬಂತು. ಅದು ರದ್ದಾದದ್ದು 1782ರಲ್ಲಿ.

ಮಾಮೂಲಿ ಐತಿಹಾಸಿಕ ಕಾದಂಬರಿಯಲ್ಲಿ ಈ ತಾರೀಖು ಓದುಗರಿಗೆ ಮಾತ್ರ ಗೊತ್ತಿರುತ್ತದೆ. ಪಾಪ, ಪ್ರೇಮಿಗಳು ಹಾಯಾಗಿರುತ್ತಾರೆ. ಇಲ್ಲಿ ಅವಳಿಗೂ ಗೊತ್ತು. ತಾನು ಎಲ್ಲಿಂದ ಬಂದವಳು ಅಂತ ಜೇಮೀಗೂ ಹೇಳಿದ್ದಾಳೆ, ಅವನು ನಂಬಿದ್ದಾನೆ. ಇನ್ನು ಅವರು ಸುಮ್ನೆ ಒಂದು ಸಣ್ಣ ಜಗಳ ಆಡಿದರೂ ಅಯ್ಯೋ, ಒಂದು ದಿನ ಹಾಳಾಯಿತಲ್ಲ ಅನ್ನಿಸುತ್ತದೆ. ನಾನೇ ಕೂತು ದಿನ ಲೆಕ್ಕ ಹಾಕುತ್ತಿರುತ್ತೇನೆ.

ಎರಡನೇ ಭಾಗದಲ್ಲಿ ಇಬ್ಬರೂ ಪ್ಯಾರಿಸ್‌ಗೆ ಹೋಗುತ್ತಾರೆ. ಜಾಕೊಬೈಟರ ನಾಯಕ, ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್‌ಗೆ ದುಡ್ಡು ಸಿಗದಂತೆ ಮಾಡಿದರೆ ದಂಗೆಯೇ ಏಳುವುದಿಲ್ಲ ಅನ್ನುವ ಉಪಾಯ. ದಂಗೆ ಎದ್ದೇ ಏಳುತ್ತದೆ. ಇತಿಹಾಸದ ಪುಸ್ತಕದಲ್ಲಿ ಇರುವುದೇ ಹಾಗೆ, ಅಲ್ವಾ? ಆದರೂ ಮೊದಲ ಸಲ ಓದುವಾಗ, ಇವರು ಹೇಗೋ ತಪ್ಪಿಸಿಬಿಡುತ್ತಾರೆ ಅಂತ ನಂಬಿದ್ದೆ.

ಮೂರನೇ ಸಲವೂ ನಂಬುತ್ತಿದ್ದೇನೆ. ಆ ಎರಡನೇ ಭಾಗ ಅಲ್ಲೇ ಶೆಲ್ಫ್‌ನಲ್ಲಿದೆ, ನೀಲಿ ಬುಕ್‌ಮಾರ್ಕ್ ಕಾಣುತ್ತಿದೆಯಲ್ಲ, ಅದೇ. ಹೋದ ಸಲ ಏಪ್ರಿಲ್ ತಿಂಗಳು ಶುರುವಾಗುವ ಜಾಗದಲ್ಲಿ ಇಟ್ಟದ್ದು. ಅಲ್ಲಿಂದ ಮುಂದಕ್ಕೆ ಒಂದು ವಾರ ಓದಿಯೇ ಇರಲಿಲ್ಲ.