ಪರಿಮಳ ಎಲ್ಲಿ ಹೋಯ್ತು?

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಓಮ ಇದ್ದರೆ ನಾಲ್ಕು ಕಾಳು ಅಂಗೈಗೆ ಹಾಕಿ, ಹೆಬ್ಬೆರಳಲ್ಲಿ ತಿಕ್ಕಿ ಮೂಸಿ ನೋಡಿ. ಮೂಗಿಗೆ ಚುರ್ ಅಂತ ಏರುತ್ತದೆ, ಅಲ್ವಾ? ಅದು ಥೈಮಾಲ್ ಎಂಬ ಘಾಟಿನ ರಾಸಾಯನಿಕ. ಯುರೋಪಿನ ಗುಡ್ಡಗಳಲ್ಲಿ ನೆಲಕ್ಕೆ ಅಂಟಿಕೊಂಡು ಹಬ್ಬುವ ಕಾಡು ಥೈಮ್ ಎಂಬ ಪುಟ್ಟ ಗಿಡದಲ್ಲೂ ಹೆಚ್ಚಾಗಿ ಇದೇ ಇರುತ್ತದೆ. ಆ ಗಿಡ ನಮ್ಮ ಹಿತ್ತಲಿನ ದೊಡ್ಡಪತ್ರೆಗೆ ದೂರದ ನೆಂಟ. ಎರಡೂ ತುಳಸಿ ಕುಟುಂಬದವು. ಓಮ ಮಾತ್ರ ಕೊತ್ತಂಬರಿ ಕಡೆಯದು.

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುವವನು. ಒಂದು ವರ್ಷ, ಬ್ಯಾಕ್ಟೀರಿಯಾವನ್ನು ಇದು ತಡೆಯುತ್ತದಾ ಅಂತ ನೋಡುವ ಮಕ್ಕಳ ಪ್ರಾಜೆಕ್ಟಿಗೆ ಒಣಗಿದ ಕಾಡು ಥೈಮ್ ತರಿಸಿದೆವು. ಅರ್ಧವನ್ನು ನೀರಲ್ಲಿ ಕುದಿಸಿ ಕಷಾಯ ಮಾಡಿದರು, ಅರ್ಧವನ್ನು ಆಲ್ಕೋಹಾಲಿನಲ್ಲಿ ನೆನೆಸಿಟ್ಟರು. ಜುಲೈ ತಿಂಗಳು. ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲ. ಬ್ಯಾಕ್ಟೀರಿಯಾ ಬೆಳೆಸಲು ಇಟ್ಟ ಮೊದಲೆರಡು ತಟ್ಟೆ ಬೂಷ್ಟಿಗೇ ಹೋದವು.

ಮೂರನೆಯದು ಸರಿಯಾಯಿತು. ಅಗರ್ ಎಂಬ ಜೆಲ್ಲಿ ತುಂಬಿದ ತಟ್ಟೆಯ ಮೇಲೆ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಸವರಿ, ಸಾರದಲ್ಲಿ ಅದ್ದಿ ಒಣಗಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ನೋಡಿದರೆ ಆಲ್ಕೋಹಾಲ್ ಸಾರದ ಬಿಲ್ಲೆಯ ಸುತ್ತ ಗಾಜಿನ ಹಾಗೆ ತಿಳಿಯಾದ ಬಳೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆದೇ ಇಲ್ಲ. ಬರೀ ಆಲ್ಕೋಹಾಲಿನ ಬಿಲ್ಲೆಯ ಸುತ್ತ ಏನೂ ಇರಲಿಲ್ಲ, ಹಾಗಾಗಿ ಅದು ಆಲ್ಕೋಹಾಲಿನ ಕರಾಮತ್ತಲ್ಲ. ಕಷಾಯದ ಬಿಲ್ಲೆಗೆ ಮಾತ್ರ ಬ್ಯಾಕ್ಟೀರಿಯಾ ಅಂಚಿನವರೆಗೂ ಬಂದು ಕೂತಿತ್ತು. ಮಕ್ಕಳ ಮುಖ ಬಾಡಿತು.

ಕಷಾಯ ಕುದಿಸಿದ ದಿನ ಇಡೀ ವರಾಂಡ ಘಮಘಮ ಅನ್ನುತ್ತಿತ್ತು. ಎಲ್ಲರಿಗೂ ಖುಷಿ. ಥೈಮಾಲ್ ಹಬೆಯ ಜೊತೆ ಹೊರಟುಹೋಗುತ್ತಿದ್ದದ್ದೇ ಆ ಘಮ! ಉಳಿದ ನೀರಲ್ಲೂ ಅದು ಸರಿಯಾಗಿ ಕರಗುವುದಿಲ್ಲ, ಲೀಟರಿಗೆ ಹೆಚ್ಚೆಂದರೆ ಒಂದು ಗ್ರಾಂ. ಬ್ಯಾಕ್ಟೀರಿಯಾದ ಪೊರೆಗೆ ನುಗ್ಗಿ ಅದನ್ನು ಸೋರುವಂತೆ ಮಾಡುವುದು ಥೈಮಾಲ್. ಅದೇ ಇಲ್ಲದ ಮೇಲೆ ಬಳೆ ಎಲ್ಲಿಂದ ಬರಬೇಕು? ಥೈಮಾಲ್ ಇದ್ದರೂ ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಸುಲಭಕ್ಕೆ ಜಗ್ಗುವುದಿಲ್ಲ, ಅವಕ್ಕೆ ಹೊರಗೆ ಇನ್ನೊಂದು ಪೊರೆ ಇದೆ.

ಕಷಾಯ ಸುಮ್ನೆ ದಂಡ ಅಂದುಕೊಳ್ಳಬೇಡಿ. ಡಿಪಿಪಿಎಚ್ ಅಂತ ಒಂದು ಪರೀಕ್ಷೆ ಇದೆ. ಕಡು ನೇರಳೆ ದ್ರಾವಣ, ಉತ್ಕರ್ಷಣ, ಅಂದರೆ ಆಮ್ಲಜನಕದಿಂದಾಗುವ ಕೆಡುಕನ್ನು, ತಡೆಯುವ ಗುಣ ಇರುವುದನ್ನು ಹಾಕಿದರೆ ಹಳದಿಗೆ ತಿರುಗುತ್ತದೆ. ಕಷಾಯ ಬಿದ್ದದ್ದೇ ಬಣ್ಣ ಇಳಿಯತೊಡಗಿತು. ಆ ಗುಣ ಇರುವ, ಈ ಸೊಪ್ಪಿನ ರೋಸ್ಮರಿನಿಕ್ ಆಮ್ಲ ನೀರಿಗೆ ಇಳಿಯುತ್ತದೆ, ಹಬೆಯಲ್ಲಿ ಹಾರಿಹೋಗುವುದಿಲ್ಲ. ಒಂದೇ ಸೊಪ್ಪು, ನೀರಿಗೆ ಕೊಟ್ಟದ್ದು ಒಂದು, ಆಲ್ಕೋಹಾಲಿಗೆ ಕೊಟ್ಟದ್ದು ಇನ್ನೊಂದು. ಇದೆಲ್ಲ ತಟ್ಟೆ, ಟ್ಯೂಬಿನ ಮಾತು. ಹೊಟ್ಟೆಯೊಳಗಿನ ಕತೆ ಬೇರೆ. ಜ್ವರಕ್ಕೆ ಡಾಕ್ಟರ ಹತ್ತಿರವೇ ಹೋಗಿ.

ನಮ್ಮಮ್ಮ ತಂಬುಳಿಗೆ ದೊಡ್ಡಪತ್ರೆಯನ್ನು ಕುದಿಸಿದ್ದೇ ಇಲ್ಲ. ತುಪ್ಪದಲ್ಲಿ ಒಂದು ಗಳಿಗೆ ಬಾಡಿಸಿ, ಜೀರಿಗೆ, ತೆಂಗಿನತುರಿ ಹಾಕಿ ಅರೆದು ಮಜ್ಜಿಗೆಗೆ ಸೇರಿಸುತ್ತಿದ್ದರು. ದೊಡ್ಡಪತ್ರೆಯಲ್ಲಿರುವ ಕಾರ್ವಕ್ರಾಲ್ ಥೈಮಾಲಿನ ಖಾಸಾ ದಾಯಾದಿ, ಅದೂ ನೀರಿಗಿಂತ ತುಪ್ಪದಲ್ಲೇ ಚೆನ್ನಾಗಿ ಕರಗುತ್ತದೆ. ಯಾಕಮ್ಮಾ ತುಪ್ಪ ಅಂತ ಕೇಳಿದರೆ, "ಹಸಿ ವಾಸನೆ ಹೋಗಲಿ ಅಂತ ಮಾರಾಯ" ಅನ್ನುತ್ತಿದ್ದರು.