ಫೋಟೋಕ್ಕೆ ಹಾರ ಹಾಕಿದರೆ ಸಾಕಾ?

ಎಲ್ಲರಿಗೂ ಶರಣು. ಪ್ರತಿ ವರ್ಷ ಆಗಸ್ಟ್ 12ಕ್ಕೆ, ಗ್ರಂಥಪಾಲಕರ ದಿನಕ್ಕೆ, ನಾವು ಗ್ರಂಥಪಾಲಕರು ಕಲಬುರಗಿಯಲ್ಲಿ ಸೇರುತ್ತೇವೆ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಫೋಟೋಕ್ಕೆ ಹಾರ ಹಾಕುತ್ತೇವೆ, ಸುಸಲಾ ಮಿರ್ಚಿಭಜಿ ತಿಂದು ಮನೆಗೆ ಹೋಗುತ್ತೇವೆ. ಗ್ರಂಥಾಲಯ ಸಂಘದ ಹಳೆ ಕಥೆ ತೆಗೆದರೆ ಹೊಸ ಹುಡುಗರು, 'ಅದು ಬಿಡ್ರಿ ಸರ್, ಅನುದಾನದ ಮಾತಾಡ್ರಿ' ಅನ್ನುತ್ತಾರೆ. ಸರಿ, ಅನುದಾನದ ಮಾತೇ ಆಡೋಣ.

ನಿಮ್ಮ ಮನೆ ತೆರಿಗೆ ರಸೀದಿ ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ, ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ಆ ಸಾಲು ಯಾರೂ ಸುಮ್ನೆ ಬರೆದದ್ದಲ್ಲ. 1928ರಲ್ಲಿ ಮದ್ರಾಸಿನಲ್ಲಿ ಗ್ರಂಥಾಲಯ ಸಂಘ ಹುಟ್ಟಿತು, ರಂಗನಾಥನ್ ಮತ್ತು ಅವರ ಜೊತೆಯವರು ಕಾನೂನು ಬೇಕು, ಕರ ಬೇಕು ಅಂತ ಕಂಡಕಂಡವರ ಬೆನ್ನು ಹತ್ತಿದರು, ಕಾಯ್ದೆ ಬಂದದ್ದು 1948ರಲ್ಲಿ. ಇಪ್ಪತ್ತು ವರ್ಷ! ನಮ್ಮ ರಾಜ್ಯದ ಕಾಯ್ದೆ 1965ರದ್ದು, ಅದರ ಕರಡಿನಲ್ಲೂ ರಂಗನಾಥನ್ ಅವರ ಕೈ ಇತ್ತು. ಇದು ಗೊತ್ತಿದ್ದವನು ಕರದ ಬಾಕಿ ಕೇಳಲು ಹೋದಾಗ 'ದಯಮಾಡಿ ಕೊಡ್ರಿ' ಅನ್ನುವುದಿಲ್ಲ, ಕಾಯ್ದೆ ತೆಗೆದು ಮೇಜಿನ ಮೇಲೆ ಇಡುತ್ತಾನೆ.

ಇನ್ನೊಂದು ಮಾತು, ಇದು ನನಗೆ ಬಹಳ ಖುಷಿ ಕೊಡುವ ಮಾತು. ಕಲಬುರಗಿ, ಬೀದರ ಎಲ್ಲ ಹೈದರಾಬಾದ್ ರಾಜ್ಯದಲ್ಲಿ ಇದ್ದಾಗಲೇ, 1955ರಲ್ಲೇ, ಇಲ್ಲಿಗೆ ಗ್ರಂಥಾಲಯ ಕಾಯ್ದೆ ಬಂದಿತ್ತು. ಮೈಸೂರು ಕಡೆಯವರಿಗಿಂತ ಹತ್ತು ವರ್ಷ ಮೊದಲು. ಹಿಂದುಳಿದವರು, ಹಿಂದುಳಿದವರು ಅಂತ ಕೇಳಿ ಕೇಳಿ ನಾವೂ ನಂಬಿಬಿಟ್ಟಿದ್ದೇವೆ, ಅಲ್ವಾ?

ಹಾರ ಒಬ್ಬರಿಗೇ ಹಾಕುತ್ತೇವೆ, ಅದೂ ನನ್ನ ತಕರಾರು. 1933ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಗ್ರಂಥಾಲಯ ಸಂಘ ಕಟ್ಟಿದಾಗ ಅದರ ಕಾರ್ಯದರ್ಶಿಯಾಗಿ ಓಡಾಡಿದವರು ಕೆ.ಎಂ. ಅಸಾದುಲ್ಲಾ. ಅಲ್ಲಿನ ಇಂಪೀರಿಯಲ್ ಲೈಬ್ರರಿಯ, ಅಂದರೆ ಈಗಿನ ರಾಷ್ಟ್ರೀಯ ಗ್ರಂಥಾಲಯದ, ಗ್ರಂಥಪಾಲಕರು. ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋದರು, ನಾವು ಮರೆತೇಬಿಟ್ಟೆವು. ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲಿ ಎತ್ತಿನ ಗಾಡಿಗೆ ಪುಸ್ತಕ ಹೇರಿ ಹಳ್ಳಿ ಹಳ್ಳಿಗೆ ಕಳಿಸಿದ ಕನಕಸಭೈ ಪಿಳ್ಳೆ ಅವರ ಹೆಸರು ಎಷ್ಟು ಜನ ಕೇಳಿದ್ದೀರಿ? ಗ್ರಾಮ ಪಂಚಾಯ್ತಿ ಅರಿವು ಕೇಂದ್ರದಲ್ಲಿ, ಅಂದರೆ ಹಳ್ಳಿ ಲೈಬ್ರರಿಯಲ್ಲಿ, ಕೂತವರಿಗೆ ರಂಗನಾಥನ್‌ಗಿಂತ ಅವರೇ ಹತ್ತಿರ ಅನಿಸುತ್ತದೆ ನನಗೆ.

ಹಾಗಂತ ರಂಗನಾಥನ್ ಹುಟ್ಟಾ ಗ್ರಂಥಪಾಲಕರೇನಲ್ಲ. ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದರು, ಕೆಲವೇ ದಿನಕ್ಕೆ ಬೇಜಾರಾಯ್ತು, ಪಾಠ ಮಾಡಲು ವಾಪಸ್ ಕಳಿಸಿ ಅಂತ ಗೋಗರೆದರು. ಲಂಡನ್ನಿಗೆ ಹೋಗಿ, ಅಲ್ಲಿಯ ಲೈಬ್ರರಿಗಳು ಊರ ಜನರ ನಡುವೆ ಹೇಗೆ ನಡೆಯುತ್ತವೆ ಅಂತ ನೋಡಿದ ಮೇಲೆ ಮನಸ್ಸು ತಿರುಗಿತು. 'ಇಲ್ಲಿ ಯಾರೂ ಬರಲ್ಲ ಸರ್' ಅಂತ ನನ್ನ ಹತ್ತಿರ ಬೇಸರ ಹೇಳಿಕೊಳ್ಳುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದೇ ಈ ಕಥೆ.

ಈಗ ಕೆಲಸದ ಮಾತು. ನಮ್ಮ ಜಿಲ್ಲೆಯಲ್ಲಿ ನಿವೃತ್ತರಾದ ಹಿರಿಯರು ಇದ್ದಾರೆ, ಅವರ ಮನೆ ಅಟ್ಟದಲ್ಲಿ ಹಳೆ ನಡಾವಳಿ ಪುಸ್ತಕ, ಮನವಿ ಪತ್ರ, ಗುಂಪು ಫೋಟೋ ಇರುತ್ತವೆ. ಗೆದ್ದಲು ತಿನ್ನುವ ಮೊದಲು ಹೋಗಿ ಕೇಳಿ, ಫೋಟೋದಲ್ಲಿ ಯಾರ್ಯಾರು ನಿಂತಿದ್ದಾರೆ ಅಂತ ಹಿಂದೆ ಪೆನ್ಸಿಲ್‌ನಲ್ಲಿ ಬರೆಸಿಕೊಳ್ಳಿ. ತಾಲ್ಲೂಕಿಗೆ ಇಬ್ಬರು ಸಾಕು. ಚಹಾ ಕುಡಿಯುವಾಗ ಹೆಸರು ಕೊಡಿ, ನಾನು ಇಲ್ಲೇ ಇರುತ್ತೇನೆ.